ಹೊಸ ಬಣ್ಣ ಬಳಿದ ಹಳೇ ಔಟ್‌ಬೋರ್ಡ್ ಕೊಳ್ಳುವ ಮುಂಚೆ ಇದನ್ನು ಓದಿ

ಅಮೆರಿಕದ ಲೇಕ್ ಊರುಗಳಲ್ಲಿ ಇರುವವರು, ಸಣ್ಣ ದೋಣಿಗೆ 1950ರ ದಶಕದ ಜಾನ್ಸನ್ ಅಥವಾ ಎವಿನ್‌ರೂಡ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರು) ಹುಡುಕುತ್ತಿದ್ದರೆ ದಯವಿಟ್ಟು ಗಮನಿಸಿ. ಹೀಗೆ ಕೊಂಡ ಒಂದು ಮೋಟಾರಿನ ಕಥೆ ಇದು: 1956ರ ಜಾನ್ಸನ್ ಸೀಹಾರ್ಸ್, 10 ಎಚ್‌ಪಿ, ಮಾಡೆಲ್ ಕ್ಯೂಡಿ-17. "ಪೂರ್ತಿ ರಿಸ್ಟೋರ್ ಆಗಿದೆ, ಮೊದಲ ಎಳೆತಕ್ಕೇ ಸ್ಟಾರ್ಟ್" ಅಂತ ಹೇಳಿ ಮಾರಿದ್ದು. ನೀರು ತುಂಬಿದ ಡ್ರಮ್ಮಿನಲ್ಲಿ ಅರ್ಧ ನಿಮಿಷ ಓಡಿಸಿಯೂ ತೋರಿಸಿದ್ದರು. ಲೇಕ್‌ಗೆ ಇಳಿದ ಸ್ವಲ್ಪ ಹೊತ್ತಿಗೆ ಒಂದು ಸಿಲಿಂಡರ್ ಕೈಕೊಟ್ಟಿತು. ತಣ್ಣಗಾದ ಮೇಲೆ ಮತ್ತೆ ಹೊತ್ತಿಕೊಂಡಿತು, ಒಂದಷ್ಟು ದೂರ ಎಳೆಯಿತು, ಆಮೇಲೆ ಜಾಮ್. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಕೆಲಸ ನಡೆದದ್ದು ಬಣ್ಣಕ್ಕೆ ಮಾತ್ರ.

ಸಿಲಿಂಡರ್ ಕೈಕೊಟ್ಟದ್ದಕ್ಕೆ ಕಾರಣ ಕಾಯಿಲ್, ಅಂದರೆ ಪ್ಲಗ್‌ಗೆ ಸ್ಪಾರ್ಕ್ ಕೊಡುವ ತಂತಿ ಸುರುಳಿ. ಫ್ಲೈವೀಲ್ ಕೆಳಗೆ ಎರಡು ಕಾಯಿಲ್ ಇರುತ್ತವೆ. ಆ ಕಾಲದ ಕಾಯಿಲ್‌ಗಳ ಹೊರಕವಚ ಬಿರುಕು ಬಿಟ್ಟೇ ಇರುತ್ತದೆ ಅಂದುಕೊಳ್ಳುವುದು ಕ್ಷೇಮ. ತಣ್ಣಗಿರುವಾಗ ಸ್ಪಾರ್ಕ್ ಕೊಡುತ್ತವೆ, ಬಿಸಿಯಾದಾಗ ನಿಲ್ಲಿಸುತ್ತವೆ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ನೋಡುವ ಪರೀಕ್ಷೆಯಿಂದ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಹೊರಗಿನ ಗಾಳಿಯಲ್ಲಿ ಕ್ಷೀಣ ಸ್ಪಾರ್ಕ್ ಕೂಡ ಹಾರುತ್ತದೆ. ಗ್ಯಾಪ್ ಟೆಸ್ಟರ್‌ನಲ್ಲಿ (ಸ್ಪಾರ್ಕ್ ಎಷ್ಟು ಅಂತರ ಹಾರುತ್ತದೆ ಎಂದು ನೋಡುವ ಸಾಧನ) ಕಾಲು ಇಂಚು ಇಟ್ಟು ಎರಡೂ ಪ್ಲಗ್ ವೈರ್ ನೋಡಿ. ಹೊಸ ಕಾಯಿಲ್ ಹಾಕುವಾಗ ಕಂಡೆನ್ಸರ್ ಬದಲಿಸಿ, ಪಾಯಿಂಟ್ಸ್ (ಕಾಯಿಲ್‌ನ ಕರೆಂಟು ಕಡಿದು ಸ್ಪಾರ್ಕ್ ಹುಟ್ಟಿಸುವ ಲೋಹದ ತುದಿಗಳು) ಉಜ್ಜಿ ಅವುಗಳ ಗ್ಯಾಪ್ 0.020 ಇಂಚಿಗೆ ತನ್ನಿ. ಫ್ಲೈವೀಲ್ ತೆಗೆಯಲು ಮೇಲಿನ ಮೂರು ತೂತುಗಳಿಗೆ ಬೋಲ್ಟ್ ಹಾಕುವ ಪುಲ್ಲರ್ರೇ ಬೇಕು. ಅಂಚಿಗೆ ಕೊಕ್ಕೆ ಹಾಕಿ ಎಳೆದರೆ ಫ್ಲೈವೀಲ್ ಸೊಟ್ಟಗಾಗುತ್ತದೆ.

ಜಾಮ್ ಆಗಿದ್ದಕ್ಕೆ ಎರಡು ಕಾರಣ ಕೂಡಿಕೊಂಡಿದ್ದವು. ಎಂಜಿನ್ ತಣ್ಣಗಿಡುವ ವಾಟರ್ ಪಂಪಿನ ರಬ್ಬರ್ ಇಂಪೆಲರ್ (ನೀರು ತಳ್ಳುವ ರೆಕ್ಕೆಚಕ್ರ) ಒಣಗಿ ಕಲ್ಲಾಗಿತ್ತು, ಎರಡು ರೆಕ್ಕೆ ಮುರಿದಿದ್ದವು. ಈ ಮೋಟಾರುಗಳಲ್ಲಿ ಈಗಿನವುಗಳ ಹಾಗೆ ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಇರುವುದಿಲ್ಲ. ಹಿಂಭಾಗದ ಎಕ್ಸಾಸ್ಟ್ ತೂತುಗಳಿಂದ ಹೊಗೆಯ ಜೊತೆ ಹನಿಹನಿಯಾಗಿ ನೀರು ಬರಬೇಕು, ಅಷ್ಟೆ. ಅದು ಕಾಣದಿದ್ದರೆ ತಕ್ಷಣ ಆಫ್ ಮಾಡಿ. ಐದು ನಿಮಿಷ ಓಡಿದ ಮೇಲೂ ಸಿಲಿಂಡರ್ ಹೆಡ್ ಮೇಲೆ ಒಂದೆರಡು ಸೆಕೆಂಡ್ ಕೈ ಇಡಲು ಆಗಬೇಕು. ಅರ್ಧ ನಿಮಿಷದ ಡೆಮೋದಲ್ಲಿ ಇದ್ಯಾವುದೂ ಬಯಲಾಗುವುದಿಲ್ಲ.

ಜಾಮ್‌ಗೆ ಇನ್ನೊಂದು ಕಾರಣ, ಪೆಟ್ರೋಲಿಗೆ ಬೆರೆಸುವ ಆಯಿಲ್. ಟಿಸಿ-ಡಬ್ಲ್ಯು3 (ದೋಣಿ ಮೋಟಾರಿನ ಟೂ-ಸ್ಟ್ರೋಕ್ ಆಯಿಲ್) ಬಾಟಲಿಯ ಮೇಲೆ 50:1, ಅಂದರೆ 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಅಂತ ಇರುವುದನ್ನು ನೋಡಿ ಹಾಗೇ ಕಲಸಿದ್ದರು. ಅದು 1964ರ ನಂತರದ ಮೋಟಾರುಗಳ ಲೆಕ್ಕ. ಇದಕ್ಕೆ 24:1 ಬೇಕು, ಅಂದರೆ ಆರು ಗ್ಯಾಲನ್ ಪೆಟ್ರೋಲಿಗೆ ಒಂದು ಕ್ವಾರ್ಟ್ (ಕಾಲು ಗ್ಯಾಲನ್) ಆಯಿಲ್. ಹೊಗೆ ಜಾಸ್ತಿ ಬರುತ್ತದೆ, ಬರಲಿ.

ಕಾರ್ಬ್ಯುರೇಟರ್ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಬೆಂಡಿನ ಫ್ಲೋಟ್ ಇರುತ್ತದೆ, ಮೇಲೆ ಅರಗಿನ ಲೇಪ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಅರಗನ್ನು ಕರಗಿಸುತ್ತದೆ. ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ಕಾರ್ಬ್ಯುರೇಟರ್ ಉಕ್ಕಿ ಹರಿಯುತ್ತದೆ. ಹೊಸ ಫ್ಲೋಟ್ ಹಾಕಿ, ಸಾಧ್ಯವಾದರೆ ಎಥನಾಲ್ ಇಲ್ಲದ ಪೆಟ್ರೋಲನ್ನೇ ಬಳಸಿ.

ನಿಜವಾಗಿ ಅಪಾಯಕಾರಿ ಅಂದರೆ ಎರಡು ಕೊಳವೆಯ ಪ್ರೆಷರ್ ಟ್ಯಾಂಕ್. ಒಂದು ಕೊಳವೆ ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಟ್ಯಾಂಕಿಗೆ ಒಯ್ಯುತ್ತದೆ, ಆ ಒತ್ತಡಕ್ಕೆ ಇನ್ನೊಂದರಲ್ಲಿ ಪೆಟ್ರೋಲ್ ಮೇಲೇರುತ್ತದೆ. ಹಳೇ ಕೊಳವೆ ಸೀಳಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ. ಮೂಲ ಕೊಳವೆ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ, ಟ್ಯಾಂಕಿನ ಗ್ಯಾಸ್ಕೆಟ್ ಬದಲಿಸಿ. ಒಂದೇ ಕೊಳವೆಯ ಹೊಸ ಟ್ಯಾಂಕ್ ಬೇಕೆಂದರೆ ಮೋಟಾರಿಗೆ ಫ್ಯುಯೆಲ್ ಪಂಪ್ ಸೇರಿಸಬೇಕು. ಸುಮ್ಮನೆ ಜೋಡಿಸಿದರೆ ಓಡುವುದಿಲ್ಲ.

ನೋಡಲು ಹೋಗುವಾಗ ಕಂಪ್ರೆಷನ್ ಗೇಜ್, ಗ್ಯಾಪ್ ಟೆಸ್ಟರ್, ದೊಡ್ಡ ಸ್ಕ್ರೂಡ್ರೈವರ್ ಒಯ್ಯಿರಿ. ಎರಡು ಸಿಲಿಂಡರ್‌ಗಳ ಕಂಪ್ರೆಷನ್ ನಡುವೆ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಗೇರ್‌ಕೇಸಿನ (ಪ್ರೊಪೆಲ್ಲರ್ ಬಳಿಯ ಗೇರ್ ಪೆಟ್ಟಿಗೆ) ಕೆಳಗಿನ ಸ್ಕ್ರೂ ಸಡಿಲಿಸಿದಾಗ ಹಾಲಿನ ಬಣ್ಣದ ಆಯಿಲ್ ಬಂದರೆ ಸೀಲ್ ಹೋಗಿ ನೀರು ಸೇರಿದೆ ಅಂತ ಅರ್ಥ. ಇಷ್ಟನ್ನು ನೋಡಲು ಬಿಡದ ಮಾರಾಟಗಾರನಿಗೆ ಬಿಡಿಭಾಗದ ಬೆಲೆಗಿಂತ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ.