ಪರ್ಸಿಯಸ್ಸಾ, ಕೋಮಾನಾ? ಎಕ್ಸ್‌ರೇ ಪ್ರಾಜೆಕ್ಟ್‌ಗೆ ಯಾವ ಕ್ಲಸ್ಟರ್ ತಗೊಳ್ಳೋದು

ಗ್ಯಾಲಕ್ಸಿ ಕ್ಲಸ್ಟರ್ (ಗುರುತ್ವ ಹಿಡಿದಿಟ್ಟ ಗ್ಯಾಲಕ್ಸಿಗಳ ದೊಡ್ಡ ಗುಂಪು, ಅವುಗಳ ನಡುವೆ ಎಕ್ಸ್‌ರೇ ಹೊಮ್ಮಿಸೋ ಬಿಸಿ ಗ್ಯಾಸ್) ಡೇಟಾಗೆ ಮೊದಲ ಸಲ ಕೈ ಹಾಕ್ತಿದ್ರೆ ಈ ಎರಡರಲ್ಲೊಂದು ಸಾಕು.

ಪರ್ಸಿಯಸ್‌ನ ನಡುವೆ ಗ್ಯಾಸ್ ತುಂಬಾ ದಟ್ಟ, ಎಕ್ಸ್‌ರೇ ಹೊಳಪು ಸಾಂದ್ರತೆಯ ವರ್ಗದ ಲೆಕ್ಕದಲ್ಲಿ (ಸಾಂದ್ರತೆ ಎರಡು ಪಟ್ಟಾದ್ರೆ ಹೊಳಪು ನಾಲ್ಕು ಪಟ್ಟು) ಏರೋದ್ರಿಂದ ಅಲ್ಲಿ ಬೆಳಕು ಚೂಪಾಗಿ ಎದ್ದಿರತ್ತೆ, ಹೊಳೀತಾ ಹೊಳೀತಾ ಶಕ್ತಿ ಕಳ್ಕೊಂಡು ಗ್ಯಾಸ್ ತಣ್ಣಗಾಗತ್ತೆ, ಹೊರಗೆ 6-7 ಕೆಇವಿ (ಇಲ್ಲಿ ತಾಪಮಾನದ ಅಳತೆ) ಇದ್ದಿದ್ದು ಒಳಗೆ 3ರ ಆಸುಪಾಸಿಗೆ ಇಳಿಯತ್ತೆ. ಹೀಗೇ ಬಿಟ್ಟಿದ್ರೆ ವರ್ಷಕ್ಕೆ ನೂರಾರು ಸೂರ್ಯರಷ್ಟು ಗ್ಯಾಸ್ ತಣ್ಣಗಾಗಿ ಕೂರ್ಬೇಕಿತ್ತು. ಅಷ್ಟು ಆಗ್ತಿಲ್ಲ, ಯಾಕಂದ್ರೆ ನಡುವಿರೋ ಎನ್‌ಜಿಸಿ 1275 ಗ್ಯಾಲಕ್ಸಿಯ ಬ್ಲ್ಯಾಕ್ ಹೋಲ್ ಜೆಟ್ (ರಭಸದ ಧಾರೆ) ಊದಿ ಊದಿ ಬಿಸಿ ಕೊಡ್ತಾನೇ ಇದೆ. ಚಂದ್ರಾ ಎಕ್ಸ್‌ರೇ ದೂರದರ್ಶಕ ತೆಗೆದ ಚಿತ್ರ ಒಮ್ಮೆ ದೊಡ್ಡದು ಮಾಡಿ ನೋಡಿ: ಎರಡು ಕಪ್ಪು ಗುಳ್ಳೆ, ಸುತ್ತ ಹೊಳೆಯೋ ಅಂಚು, ಅದರಾಚೆ ಕೆರೆ ನೀರಿಗೆ ಕಲ್ಲು ಹಾಕಿದ ಹಾಗೆ ಅಲೆ. ನನಗಂತೂ ಇದು ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. 2016ರಲ್ಲಿ ಜಪಾನಿನ ಹಿಟೋಮಿ ಎಕ್ಸ್‌ರೇ ಉಪಗ್ರಹ ಅಳೆದಾಗ ಅಲ್ಲಿನ ಗ್ಯಾಸಿನ ಕಲಕಾಟ ಸೆಕೆಂಡಿಗೆ ಬರೀ 164 ಕಿಮೀ ಆಸುಪಾಸು.

ಕೋಮಾ ಹಾಗಲ್ಲ. ಸುಮಾರು 8 ಕೆಇವಿ, ನಡುವೆ ತಂಪಾದ ತಿರುಳೇ ಇಲ್ಲ, ಗ್ಯಾಸ್ ತೆಳು, ತಣ್ಣಗಾಗೋಕೆ ವಿಶ್ವದ ವಯಸ್ಸಿಗಿಂತ ಹೆಚ್ಚು ಕಾಲ ಬೇಕು. ಇಲ್ಲಿ ಬಿಸಿ ಮುಖ್ಯವಾಗಿ ಬಂದಿರೋದು ಗುರುತ್ವ ಮತ್ತು ಡಿಕ್ಕಿಗಳಿಂದ, ಎನ್‌ಜಿಸಿ 4839 ಗ್ಯಾಲಕ್ಸಿಯ ಸುತ್ತಲಿನ ಗುಂಪು ಇನ್ನೂ ಸೇರ್ಕೊಳ್ತಾ ಇದೆ.

ಫಿಟ್ಟಿಂಗ್ (ಡೇಟಾಗೆ ಮಾಡೆಲ್ ಹೊಂದಿಸೋದು) ಕಲಿಯೋಕೆ ಕೋಮಾ ಸುಲಭ, ನಡುಭಾಗಕ್ಕೆ ಒಂದೇ ತಾಪಮಾನದ ಮಾಡೆಲ್ ಹೆಚ್ಚುಕಡಿಮೆ ಕೂರತ್ತೆ. ಪರ್ಸಿಯಸ್‌ನ ತಿರುಳಿಗೆ ಕನಿಷ್ಠ ಎರಡು ತಾಪಮಾನ ಬೇಕು, ಮಧ್ಯದ ಬ್ಲ್ಯಾಕ್ ಹೋಲಿನ ಬೆಳಕನ್ನೂ ಮಾಸ್ಕ್ ಮಾಡ್ಬೇಕು (ಲೆಕ್ಕಕ್ಕೆ ಬರದ ಹಾಗೆ ಮರೆಮಾಡ್ಬೇಕು). ಆದ್ರೂ ಬಿಸಿ-ತಂಪಿನ ಜಗ್ಗಾಟ ನೋಡೋದೇ ಉದ್ದೇಶ ಆಗಿದ್ರೆ ಕಷ್ಟಪಟ್ಟಾದ್ರೂ ಪರ್ಸಿಯಸ್ಸೇ ತಗೊಳ್ಳಿ.