ಸ್ಪ್ಲೀನ್ (ಗುಲ್ಮ) ರಕ್ತನಾಳ ಉಬ್ಬಿದರೆ: ಕಾಯಿಲೋ, ಆಪರೇಷನ್ನೋ?

ಮೊದಲು ನೋಡಬೇಕಾದದ್ದು ಬಿಪಿ. ಉಬ್ಬು ಒಡೆದು ಬಿಪಿ ಕುಸಿಯುತ್ತಿದ್ದರೆ ಸಿಟಿ ಸ್ಕ್ಯಾನ್‌ಗೆ ಕಾಯುವ ಹೊತ್ತಲ್ಲ. ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯೊಳಗೆ ರಕ್ತ ಕಂಡರೆ ಸಾಮಾನ್ಯವಾಗಿ ಆಪರೇಷನ್ನೇ ದಾರಿ. ಸ್ಪ್ಲೀನ್ ತೆಗೆಯಬೇಕಾಗಬಹುದು. ತೆಗೆದರೆ ನ್ಯೂಮೋನಿಯಾ, ಮೆನಿಂಜೈಟಿಸ್ ಲಸಿಕೆ ಬೇಕು.

ಬಿಪಿ ಸ್ಥಿರವಾಗಿದ್ದರೆ ಸಿಟಿ ಆಂಜಿಯೋಗ್ರಾಮ್ (ರಕ್ತನಾಳ ತೋರಿಸುವ ಸ್ಕ್ಯಾನ್) ಮಾಡಿ, ತೊಡೆಸಂದಿಯ ರಕ್ತನಾಳದ ಮೂಲಕ ಕಾಯಿಲ್ (ಉಬ್ಬಿಗೆ ರಕ್ತ ಹೋಗದಂತೆ ತಡೆಯುವ ಸಣ್ಣ ಲೋಹದ ಸುರುಳಿ) ಹಾಕಬಹುದು. ದೊಡ್ಡ ಗಾಯವಿಲ್ಲ, ಚೇತರಿಕೆ ಬೇಗ. ಆದರೆ ಸ್ಪ್ಲೀನ್‌ನ ಸ್ವಲ್ಪ ಭಾಗ ಸತ್ತು ನೋವು, ಜ್ವರ ಬರಬಹುದು. ಆಮೇಲೂ ಸ್ಕ್ಯಾನ್ ತಪ್ಪಿದ್ದಲ್ಲ. ರಾತ್ರಿ 2 ಗಂಟೆಗೆ ಕಾಯಿಲ್ ಹಾಕುವ ಡಾಕ್ಟರೂ ಸಿಗಬೇಕು, ಅಲ್ವಾ?

ಬಿಪಿ ಸರಿಯಿದೆ ಎಂದು ಸುಮ್ನೆ ಕೂರುವಂತಿಲ್ಲ. ಕೆಲವೊಮ್ಮೆ ರಕ್ತ ಮೊದಲು ಜಠರದ ಹಿಂದೆ ತಡೆದು ನಿಂತು, ಆಮೇಲೆ ಒಮ್ಮೆಲೇ ಹರಿಯುತ್ತದೆ.

ಒಡೆಯದ, ನೋವಿಲ್ಲದ, 3 ಸೆಂ.ಮೀ.ಗಿಂತ ಚಿಕ್ಕ ಉಬ್ಬಾದರೆ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ಆದರೆ ಗರ್ಭಿಣಿಯರಲ್ಲಿ ಚಿಕ್ಕದೆಂದು ಬಿಡುವುದಿಲ್ಲ.