ಕ್ಯಾಮೆರಾದ ಪುಟ್ಟ ಫ್ಲ್ಯಾಶೋ, ಮೇಲೇರಿಸುವ ಸ್ಪೀಡ್‌ಲೈಟೋ: ಮೀಟರ್ ಲೆಕ್ಕದ ಹೋಲಿಕೆ

ಎದುರುಬದುರು ಇಟ್ಟು ನೋಡಿದ್ದು ಎರಡನ್ನು. ಒಂದು, ಡಿಎಸ್‌ಎಲ್‌ಆರ್ ನೆತ್ತಿಯಿಂದ ಪುಟಿದೇಳುವ ಪಾಪ್-ಅಪ್ ಫ್ಲ್ಯಾಶ್, ಗೈಡ್ ನಂಬರ್ (ಫ್ಲ್ಯಾಶಿನ ಕಸುವಿನ ಅಳತೆ) 12. ಇನ್ನೊಂದು, ಹಾಟ್ ಶೂ (ಕ್ಯಾಮೆರಾ ನೆತ್ತಿಯ ಲೋಹದ ಖಾಂಚೆ) ಮೇಲೆ ಕೂರಿಸುವ ಸ್ಪೀಡ್‌ಲೈಟ್, ಗೈಡ್ ನಂಬರ್ 36. ಲೆನ್ಸ್ ಮಾತ್ರ ಎರಡಕ್ಕೂ ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸೇ. ಗೈಡ್ ನಂಬರನ್ನು ಅಪರ್ಚರ್‌ನಿಂದ (ಲೆನ್ಸ್ ಕಿಂಡಿಯ ಎಫ್ ಸಂಖ್ಯೆ) ಭಾಗಿಸಿದರೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆಂದು ಸಿಗುತ್ತದೆ. ಎಫ್/5.6ರಲ್ಲಿ ಪುಟ್ಟದ್ದು 2.1 ಮೀಟರ್, ದೊಡ್ಡದ್ದು 6.4. ಐಎಸ್‌ಒ 400 ಮಾಡಿದರೆ ಎರಡೂ ದುಪ್ಪಟ್ಟು.

ತೀರಾ ಹತ್ತಿರದಲ್ಲಿ ಎರಡೂ ಕೈಕೊಡುತ್ತವೆ. ಇಳಕಲ್ ಸೀರೆಯ ಟೋಪ ತೆನಿ ಸೆರಗನ್ನು ಅರ್ಧ ಮೀಟರ್‌ನಿಂದ ತೆಗೆದರೆ ಪಾಪ್-ಅಪ್ ಬೆಳಕಿಗೆ ಲೆನ್ಸೇ ಅಡ್ಡ ಬಂದು ಚಿತ್ರದ ಕೆಳಗೆ ಅರ್ಧಚಂದ್ರದ ನೆರಳು ಬೀಳುತ್ತದೆ. ಲೆನ್ಸ್ ಬಾಯಿಗೆ ಸಿಕ್ಕಿಸುವ ಹುಡ್ ಇದ್ದರಂತೂ ನೆರಳು ಇನ್ನೂ ದೊಡ್ಡದು. ಹುಡ್ ಬಿಚ್ಚಿ, ಒಂದು ಮೀಟರ್ ಹಿಂದೆ ಸರಿದು, 55ಕ್ಕೆ ಜೂಮ್ ಮಾಡಿ, ಫ್ಲ್ಯಾಶ್ ಕಾಂಪನ್ಸೇಷನ್ -1 (ಫ್ಲ್ಯಾಶ್ ಬೆಳಕು ಅರ್ಧಕ್ಕೆ) ಇಟ್ಟರೆ ಚಿತ್ರ ಒಪ್ಪುವಂತಾಗುತ್ತದೆ, ಅಷ್ಟೆ. ಸ್ಪೀಡ್‌ಲೈಟನ್ನೂ ಶೂ ಮೇಲಿಟ್ಟು ನೇರ ಹೊಡೆದರೆ ರೇಷ್ಮೆ ಸುಟ್ಟಂತೆ ಬೆಳ್ಳಗಾಗುತ್ತದೆ. ಅದನ್ನು ವೈರ್‌ಲೆಸ್ ಟ್ರಿಗರ್‌ಗೆ ಜೋಡಿಸಿ, ಪಕ್ಕದಿಂದ ಓರೆಯಾಗಿ, 60 ಸೆಂ.ಮೀ. ದೂರದಲ್ಲಿ, ಮ್ಯಾನ್ಯುಯಲ್ 1/32 ಪವರ್, ಎಫ್/11, ಐಎಸ್‌ಒ 100 ಇಟ್ಟು ತೆಗೆದಾಗ ಎಳೆ ಎಳೆಯೂ ಎದ್ದು ಕಾಣುತ್ತದೆ. ಇಲ್ಲಿ ಪೈಪೋಟಿಯೇ ಇಲ್ಲ.

ಸ್ಪೀಡ್‌ಲೈಟ್‌ಗೆ ಹಾಕಿದ ದುಡ್ಡು ನಿಜವಾಗಿ ದುಡಿಯುವುದು 2ರಿಂದ 5 ಮೀಟರ್ ನಡುವೆ, ಅಂದರೆ ಮನೆಯೊಳಗೆ. ಮೂರು ಮೀಟರ್ ಎತ್ತರದ ಬಿಳಿ ಸ್ಲ್ಯಾಬ್ ಇದ್ದರೆ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡಿ, ಅಂದರೆ ಬೆಳಕನ್ನು ಚಾವಣಿಗೆ ಬಡಿಸಿ ಕೆಳಗಿಳಿಸಿ. ಐಎಸ್‌ಒ 400, ಎಫ್/4 ಸಾಕು. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ಹಳೆ ಮನೆಗಳ ಜಂತಿ ಮಾಳಿಗೆಯಲ್ಲಿ ಈ ಉಪಾಯ ನಡೆಯುವುದಿಲ್ಲ. ಕಪ್ಪು ತೊಲೆಗಳು ಬೆಳಕು ನುಂಗುತ್ತವೆ, ಉಳಿದದ್ದು ಕಂದು ಬಣ್ಣ ಹೊತ್ತು ಇಳಿಯುತ್ತದೆ. ಆಗ ಪಡಸಾಲೆಯ ಸುಣ್ಣದ ಗೋಡೆಗೆ ತಿರುಗಿಸಿ. ಗೋಡೆಗೆ ನೀಲಿಯೋ ಹಸಿರೋ ಬಳಿದಿದ್ದರೆ ಮುಖಕ್ಕೂ ಅದೇ ಬಣ್ಣ. ಅದಕ್ಕಿಂತ ಪಕ್ಕದಲ್ಲಿ ಒಂದು ಬಿಳಿ ಧೋತರ ಹಿಡಿಸುವುದು ಲೇಸು.

ಗುಂಪಿನ ಫೋಟೊದಲ್ಲಿ ವ್ಯತ್ಯಾಸ ಢಾಳಾಗಿ ಕಾಣುತ್ತದೆ. ಮುಂದಿನ ಸಾಲು 2 ಮೀಟರ್, ಹಿಂದಿನದು 3 ಮೀಟರ್ ಇದ್ದರೆ ಮುಂದಿನವರಿಗೆ 2.25 ಪಟ್ಟು ಬೆಳಕು: ಮಕ್ಕಳು ಬೆಳ್ಳಗೆ, ಅಜ್ಜ ಕಪ್ಪು. ಎರಡು ಮೀಟರ್ ಹಿಂದೆ ಸರಿದರೆ, 4 ಮತ್ತು 5 ಮೀಟರ್‌ಗೆ, ಅಂತರ ಸುಮಾರು 1.6 ಪಟ್ಟಿಗೆ ಇಳಿಯುತ್ತದೆ. ಹಾಗೆ ಸರಿಯಲು ಎಫ್/5.6ರಲ್ಲಿ ಪಾಪ್-ಅಪ್‌ಗೆ ಐಎಸ್‌ಒ 800 ಬೇಕು. ಸ್ಪೀಡ್‌ಲೈಟ್ 100ರಲ್ಲೇ ಮುಗಿಸುತ್ತದೆ.

ತಗಡಿನ ಚಾವಣಿ ಏಳೆಂಟು ಮೀಟರ್ ಮೇಲಿರುವ ಮಂಗಲ ಕಾರ್ಯಾಲಯದಲ್ಲಿ ಬೌನ್ಸ್ ಮಾಡುವುದು ಬ್ಯಾಟರಿ ದಂಡ. ಅಲ್ಲಿ ಬೆಳಕು ಹರಡುವ ಪ್ಲಾಸ್ಟಿಕ್ ಡೋಮ್ ಸಿಕ್ಕಿಸಿದರೂ ಅಷ್ಟೇ: ಮೇಲೆ ಹೋದ ಬೆಳಕು ಮರಳದು, ಮೃದುವಾಗುವುದೂ ಇಲ್ಲ. ನೇರ ಹೊಡೆಯಿರಿ, ಶಟರ್ 1/60, ಐಎಸ್‌ಒ 800 ಇಟ್ಟರೆ ಹಿಂದಿನ ಸೀರಿಯಲ್ ಸೆಟ್ಟೂ ಉಳಿಯುತ್ತದೆ.

ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ತೂರುವಾಗ ಪಾಪ್-ಅಪ್ ಎತ್ತಲೇಬೇಡಿ. ಲೆನ್ಸ್‌ಗೆ ಅಂಟಿಕೊಂಡಂತಿರುವ ಆ ಬೆಳಕು ಹತ್ತಿರದ ಕಣಕ್ಕೆ ಬಡಿದು ನೇರ ಮರಳಿ, ಚಿತ್ರದ ತುಂಬ ಮಸುಕು ಚುಕ್ಕೆ ಚೆಲ್ಲುತ್ತದೆ. ಸ್ಪೀಡ್‌ಲೈಟನ್ನು ಎಡಗೈಯಲ್ಲಿ ಎತ್ತಿ ಓರೆ ಹಿಡಿದರೆ ಅದೇ ಅರಿಶಿನ ಮೋಡದಂತೆ ಹೊಳೆಯುತ್ತದೆ.

ಬೇಸಿಗೆ ಮಧ್ಯಾಹ್ನ ರುಮಾಲಿನ ನೆರಳಲ್ಲಿರುವ ಮುಖ ತುಂಬಲು ಫ್ಲ್ಯಾಶ್ ಬೇಕು. ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಹೊಂದುವ ಅತಿ ವೇಗದ ಶಟರ್) 1/200, ಐಎಸ್‌ಒ 100 ಎಂದರೆ ಬಿಸಿಲಿಗೆ ಎಫ್/11. ಪಾಪ್-ಅಪ್ ಮುಟ್ಟುವುದು 1.1 ಮೀಟರ್, ಸ್ಪೀಡ್‌ಲೈಟ್ 3.3. ಆ ಮಿತಿ ಮೀರಲು ಹೈ ಸ್ಪೀಡ್ ಸಿಂಕ್ ಹಾಕಿದರೆ ಪವರ್ ಬಹಳಷ್ಟು ಸೋರುತ್ತದೆ.

ಇನ್ನು ದೂರ. ಬನಶಂಕರಿ ಜಾತ್ರೆಯ ನಾಟಕಕ್ಕೆ ಹಿಂದಿನ ಸಾಲಿನಿಂದ ಫ್ಲ್ಯಾಶ್ ಹೊಡೆದರೆ ಮುಂದಿನವರ ತಲೆಗಳು ಬೆಳಗುತ್ತವೆ, ರಂಗವಲ್ಲ. ಗೋಳಗುಮ್ಮಟದ ಸುಮಾರು 38 ಮೀಟರ್ ವ್ಯಾಸದ ಒಳಗುಮ್ಮಟಕ್ಕೂ ಎರಡರ ಕೈ ಎಟುಕದು. ಎರಡೂ ಕಡೆ ಫ್ಲ್ಯಾಶ್ ಮುಚ್ಚಿ. ನಾಟಕಕ್ಕೆ ಐಎಸ್‌ಒ 3200, 1/125. ಗುಮ್ಮಟಕ್ಕೆ ಕ್ಯಾಮೆರಾವನ್ನು ನೆಲಕ್ಕೆ ಅಂಗಾತ ಇಟ್ಟು 2 ಸೆಕೆಂಡ್ ಟೈಮರ್. ಬಾದಾಮಿಯ ಹದಿನೆಂಟು ಕೈಯ ನಟರಾಜನಿಗೂ ಹಗಲಿನ ಓರೆ ಬೆಳಕೇ ಸರಿ. ಎದುರಿನ ಫ್ಲ್ಯಾಶ್ ಅಷ್ಟೂ ಕೈಗಳನ್ನು ಗೋಡೆಗೆ ಅಂಟಿಸಿಬಿಡುತ್ತದೆ.

ಕೊಳ್ಳುವವರಿಗೆ ಇಷ್ಟು: ಸ್ಪೀಡ್‌ಲೈಟ್‌ಗೆ ರೀಚಾರ್ಜ್ ಆಗುವ ನಾಲ್ಕು ಎಎ ಸೆಲ್‌ಗಳ ಎರಡು ಸೆಟ್ ಇರಲಿ. ಫುಲ್ ಪವರ್ ಸತತ ಹೊಡೆದರೆ ಫ್ಲ್ಯಾಶ್ ಬಿಸಿಯೇರಿ ನಿಂತೀತು. ಪಾಪ್-ಅಪ್ ತಿನ್ನುವುದು ಕ್ಯಾಮೆರಾದ ಬ್ಯಾಟರಿಯನ್ನೇ.